ಸಾಯದೆ ಸೋಲುವ ರಣ

ಹಾನಗಲ್ಲಿನವರಿಗೆ ತಮ್ಮ ಊರೇ ವಿರಾಟನಗರ. ಪಾಂಡವರು ಅಜ್ಞಾತವಾಸದ ವರ್ಷ ಕಳೆದದ್ದು ಇಲ್ಲೇ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪಾನುಂಗಲ್ಲಿಗೆ, ಅಂದರೆ ಇದೇ ಹಾನಗಲ್ಲಿಗೆ, ವಿರಾಟನಕೋಟೆ ಎಂಬ ಹೆಸರು ಹಳೆಯ ಶಾಸನಗಳಲ್ಲೂ ಉಂಟು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಇಡೀ ಕನ್ನಡನಾಡಿನದು. ಆದರೆ ಹಾನಗಲ್ಲಿನಲ್ಲಿ ಅದನ್ನು ಆಡಿದರೆ ಮನೆಮಗನನ್ನೇ ಬೈದ ಹಾಗಿರುತ್ತದೆ. ವಿರಾಟನ ಮಗ ಉತ್ತರ ಅಂತಃಪುರದ ಹೆಣ್ಣುಮಕ್ಕಳೆದುರು ಕೌರವರನ್ನು ಮಾತಿನಲ್ಲೇ ಗೆದ್ದ. ರಥ ಊರು ದಾಟಿ ಶತ್ರುವಿನ ಸೈನ್ಯ ಕಣ್ಣಿಗೆ ಬಿದ್ದದ್ದೇ ತಡ, ಕೆಳಗೆ ಹಾರಿ ಓಡಿದ. ಗಾದೆ ಅಲ್ಲಿಗೇ ಮುಗಿಯುತ್ತದೆ, ಕಥೆ ಮುಗಿಯುವುದಿಲ್ಲ. ಬೃಹನ್ನಳೆಯ ವೇಷದ ಅರ್ಜುನ ಹಿಂದೆಯೇ ಓಡಿ ಅವನನ್ನು ಹಿಡಿದು ತಂದ, ಶಮೀವೃಕ್ಷ ಹತ್ತಿಸಿ ಆಯುಧ ಕೆಳಗೆ ತರಿಸಿದ, ಕೈಗೆ ಲಗಾಮು ಕೊಟ್ಟ. ಯುದ್ಧವನ್ನು ಕಂಡಿರದವನಿಗೆ ಯುದ್ಧ ಕಲಿಸುವುದು ಹೇಗೆ ಎಂಬ ಪ್ರಶ್ನೆ ನಮ್ಮ ಸೀಮೆಗೆ ಅಷ್ಟು ಹಳೆಯದು.

ಇವತ್ತು ಆ ಪ್ರಶ್ನೆ ಎತ್ತಲು ಕಾರಣವಿದೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ನಸುಕಿನಲ್ಲಿ ಎದ್ದು ಹೊರಬಿದ್ದವರಿಗೆ ರಸ್ತೆಯಂಚಿನಲ್ಲಿ, ಕೆರೆಯ ಏರಿಯ ಮೇಲೆ ಓಡುವ ಹುಡುಗರು ಕಾಣುತ್ತಾರೆ. ‘ಆರ್ಮಿ ಭರ್ತಿ’ಗೆ ಸಿದ್ಧರಾಗುವವರು ಕೆಲವರು, ಪೊಲೀಸ್ ಕೆಲಸಕ್ಕೆ ಕೆಲವರು. 1600 ಮೀಟರ್ ಓಟ, ಒಂಬತ್ತು ಅಡಿಯ ಕಂದಕ ಹಾರುವುದು, ಕಂಬಿ ಹಿಡಿದು ಮೈ ಎತ್ತುವುದು ಅವರಿಗೆ ಬಾಯಿಪಾಠ. 2023ರಿಂದ ಸೇನೆಯ ಭರ್ತಿಯಲ್ಲಿ ಓಟಕ್ಕಿಂತ ಮೊದಲು ಕಂಪ್ಯೂಟರ್ ಎದುರು ಪರೀಕ್ಷೆ ಬರೆಯಬೇಕು. ಆಯ್ಕೆಯಾದ ಮೇಲೆ ಇನ್ನೊಂದು ಪರದೆ ಅವರಿಗಾಗಿ ಕಾದಿರುತ್ತದೆ. ಅದು ಸಿಮ್ಯುಲೇಟರಿನ ಪರದೆ. ನಿಜವಾದ ಬಂದೂಕಿನಷ್ಟೇ ತೂಗುವ, ಗುಂಡಿನ ಬದಲು ಬೆಳಕು ಉಗುಳುವ ಬಂದೂಕು. ನೆಲ ಬಿಡದ ಹೆಲಿಕಾಪ್ಟರ್. ಕಣ್ಣಿಗೆ ಕಟ್ಟಿದ ಪೆಟ್ಟಿಗೆಯೊಳಗೆ ಇಡೀ ಒಂದು ಊರು. ನಮ್ಮ ರಕ್ಷಣಾ ಸಚಿವಾಲಯ 2021ರ ಸೆಪ್ಟೆಂಬರಿನಲ್ಲಿ ಸೇನೆಯ ಮೂರೂ ಅಂಗಗಳಲ್ಲಿ ಸಿಮ್ಯುಲೇಟರಿನ ಬಳಕೆ ಹೆಚ್ಚಿಸುವ ನೀತಿಯ ಚೌಕಟ್ಟೊಂದನ್ನು ಹೊರಡಿಸಿತು. ಅಂದಮೇಲೆ ಇದು ಬೇಕೋ ಬೇಡವೋ ಎಂಬ ಚರ್ಚೆಯ ಕಾಲ ದಾಟಿದೆ. ಇದು ಏನನ್ನು ಕಲಿಸುತ್ತದೆ, ಏನನ್ನು ಕಲಿಸಲಾರದು, ಏನನ್ನು ತಪ್ಪಾಗಿ ಕಲಿಸಿಬಿಡಬಹುದು ಎಂದು ನೋಡಬೇಕಾಗಿದೆ. ಮಕ್ಕಳನ್ನು ಕಳಿಸುವ ಊರುಗಳೂ ಇದನ್ನು ತಿಳಿದಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಹುಸಿಯುದ್ಧದಿಂದ ನಿಜಯುದ್ಧ ಕಲಿಯುವುದು ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಬಿದ್ದವನು ಎದ್ದು ಮೈಕೊಡವಿ ಮತ್ತೆ ಹಿಡಿತಕ್ಕೆ ಬರುತ್ತಾನೆ. ಬಿದ್ದರೂ ಸಾಯುವುದಿಲ್ಲ ಎಂಬುದೇ ಆ ಮಣ್ಣಿನ ಗುಣ. ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ಎಂಬಾತ 1812ರಲ್ಲಿ ರಾಜನಿಗಾಗಿ ಮೇಜಿನ ಮೇಲೆ ಬೆಟ್ಟ ಹೊಳೆ ಜೋಡಿಸಿ ಯುದ್ಧದಾಟ ಕಟ್ಟಿದ. ಅವನ ಮಗ 1824ರಲ್ಲಿ ಅದನ್ನು ನಕಾಶೆಯ ಮೇಲೆ ಆಡುವಂತೆ ತಿದ್ದಿ ಸೇನಾಧಿಕಾರಿಗಳಿಗೆ ಒಪ್ಪಿಸಿದ. ಆ ಆಟದ ಜೀವ ಇದ್ದದ್ದು ನಡುವೆ ಕೂತ ಪಂಚನಲ್ಲಿ. ಎರಡೂ ಕಡೆಯವರು ಕೊಟ್ಟ ಆಜ್ಞೆ ಓದಿ, ಯಾರಿಗೆ ಎಷ್ಟು ಕಾಣುತ್ತದೆ, ಯಾರ ಸುದ್ದಿ ಯಾವಾಗ ತಲುಪುತ್ತದೆ ಎಂದು ತೀರ್ಮಾನಿಸುವವನು ಅವನು. ನಮ್ಮ ಸೇನೆಯ ತುಕಡಿಗಳಲ್ಲಿ ಈಗಲೂ ಮರಳಿನ ಮಾದರಿ ಮಾಡಿ, ಕೋಲು ಹಿಡಿದು, ‘ಶತ್ರು ಇಲ್ಲಿಂದ ಬಂದರೆ?’ ಎಂದು ಕೇಳುವ ಪದ್ಧತಿ ಇದೆ. ಇವತ್ತಿನ ಯಂತ್ರ ಎಷ್ಟೇ ದುಬಾರಿಯದಾಗಲಿ, ಆ ಮರಳು ಮತ್ತು ಆ ಪಂಚನ ಮೊಮ್ಮಗನೇ.

ತಾಲೀಮಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸವಣೂರಿನ ಹೊಲಗಳೇ ಸಾಕ್ಷಿ. 1786ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿ ಮರಾಠರ ಮತ್ತು ನಿಜಾಮನ ಕೂಡುಸೇನೆಯನ್ನು ಎದುರಿಸಿದ. ಟಿಪ್ಪುವಿನ ಸೈನ್ಯ ಶಿಸ್ತಿಗೆ ಹೆಸರಾದದ್ದು. ‘ಫತ್ಹುಲ್ ಮುಜಾಹಿದೀನ್’ ಎಂಬ ತರಬೇತಿ ಕೈಪಿಡಿಯನ್ನೇ ಬರೆಸಿದವನು ಅವನು. ಆದರೂ ಶತ್ರುವಿನ ಬೀಡಿನ ಮೇಲೆ ರಾತ್ರಿ ದಾಳಿಗೆ ಹೊರಟಾಗ ಕತ್ತಲು ಮತ್ತು ಮಳೆಯಲ್ಲಿ ಅವನ ದಂಡಿನ ಸಾಲುಗಳು ದಾರಿ ತಪ್ಪಿದವು, ಬೆಳಗಾದಾಗ ಅವನ ಬಳಿ ಬಲು ಸ್ವಲ್ಪ ಜನ ಉಳಿದಿದ್ದರು ಎಂದು ಆ ಕಾಲದ ಇತಿಹಾಸ ಬರೆದವರು ಹೇಳುತ್ತಾರೆ. ಕೊನೆಗೆ ಸವಣೂರು ಅವನ ಕೈಗೇ ಬಂತು, ಅದು ಬೇರೆ ಮಾತು. ನಮ್ಮ ಎರೆಭೂಮಿಯಲ್ಲಿ ಮಳೆ ಬಿದ್ದ ರಾತ್ರಿ ನಡೆದು ನೋಡಿದವರಿಗೆ ಆ ಸಾಲುಗಳ ಗತಿ ಹೇಳಿಕೊಡಬೇಕಿಲ್ಲ. ಕಾಲಿಗೆ ಸೇರು ಮಣ್ಣು ಅಂಟಿ ಹತ್ತು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. ಅದೇ ನೆಲವನ್ನು, ಅದೇ ಕತ್ತಲೆಯನ್ನು ಮುಂಚೆಯೇ ಹತ್ತು ಸಲ ನಡೆಯುವಂತಿದ್ದರೆ?

ಹಾನಗಲ್ಲಿನ ವೀರಗಲ್ಲುಗಳ ಮುಂದೆ ನಿಂತಾಗಲೂ ನನಗೆ ಹೀಗೇ ಅನಿಸುತ್ತದೆ. ಹೊಯ್ಸಳ ಇಮ್ಮಡಿ ಬಲ್ಲಾಳ 1196ರಲ್ಲಿ ಆನೆಕೆರೆಯ ಬಳಿ ಬೀಡುಬಿಟ್ಟು ಊರನ್ನು ಮುತ್ತಿದ. ಕದಂಬ ಕಾಮದೇವನ ಪಡೆ ಆ ಸಲ ಅವನನ್ನು ಹಿಂದಕ್ಕಟ್ಟಿತು, ಅದಕ್ಕೆ ಸೇನಾನಿ ಸೋಹಣಿ ಪ್ರಾಣ ತೆತ್ತ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಯಾರು ಸತ್ತ, ಯಾರಿಗಾಗಿ ಸತ್ತ ಎಂದು ಕಲ್ಲು ಹೇಳುತ್ತದೆ. ಯಾವ ತಪ್ಪಿನಿಂದ ಸತ್ತ ಎಂದು ಹೇಳುವುದಿಲ್ಲ. ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದನೇ, ನೆರವು ಬರುವ ಮೊದಲೇ ನುಗ್ಗಿದನೇ ಎಂಬ ವಿವರ ಅವನೊಂದಿಗೇ ಹೋಯಿತು. ಸಿಮ್ಯುಲೇಟರು ಮೂಲತಃ ಆ ವಿವರವನ್ನು ಉಳಿಸಿಕೊಳ್ಳುವ ಸಾಧನ.

ಅದರ ಆಧುನಿಕ ಕಥೆ ಅಮೆರಿಕದ ಬಿಂಗ್‌ಹ್ಯಾಂಟನ್ ಎಂಬ ಊರಿನ ವಾದ್ಯ ತಯಾರಿಸುವ ಕಾರ್ಖಾನೆಯೊಂದರಲ್ಲಿ ಶುರುವಾಗುತ್ತದೆ. ಎಡ್ವಿನ್ ಲಿಂಕ್‌ನ ತಂದೆ ಪಿಯಾನೊ, ಆರ್ಗನ್ ಮಾಡುವವರು. ಮಗನಿಗೆ ಹಾರುವ ಹುಚ್ಚು. ಆದರೆ ವಿಮಾನ ಕಲಿಯುವುದು ಆ ಕಾಲಕ್ಕೆ ಕೈಗೆಟುಕದ ಖರ್ಚು. ಆರ್ಗನ್ನಿನ ತಿದಿಗಳನ್ನೇ ತಂದು, ಗಾಳಿ ತುಂಬಿ ಖಾಲಿ ಮಾಡಿ ಓಲಾಡಿಸುವ ಗಿಡ್ಡ ರೆಕ್ಕೆಯ ಪುಟ್ಟ ವಿಮಾನವೊಂದನ್ನು ಅವನು 1929ರಲ್ಲಿ ಕಟ್ಟಿದ. ನಮ್ಮ ಹಾರ್ಮೋನಿಯಂನ ತಿದಿಯಿಂದ ಬಂಡಿ ಓಡಿಸಿದ ಹಾಗೆ! ಮೊದಮೊದಲು ಅದನ್ನು ಕೊಂಡವರು ಜಾತ್ರೆಯಂಥ ಮನರಂಜನಾ ಮೈದಾನಗಳವರು. ಸೇನೆ ತಿರುಗಿ ನೋಡಲಿಲ್ಲ. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳಿಗೆ ಟಪಾಲು ಹೊರುವ ಕೆಲಸ ಬಂತು. ಮಂಜು, ಹಿಮ, ರಾತ್ರಿ. ಹೊರಗೆ ಏನೂ ಕಾಣದಾಗ ಮುಂದಿನ ಮುಳ್ಳುಗಳನ್ನಷ್ಟೇ ನಂಬಿ ಹಾರುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸೇನೆ ಆರು ಲಿಂಕ್ ಯಂತ್ರಗಳನ್ನು ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಮಿತ್ರರಾಷ್ಟ್ರಗಳ ಲಕ್ಷಾಂತರ ಪೈಲಟ್‌ಗಳು ನೀಲಿ ಬಣ್ಣದ ಆ ಪೆಟ್ಟಿಗೆಯಲ್ಲಿ ಕೂತು ಎದ್ದಿದ್ದರು. ಹೆಣಗಳು ಎಣಿಕೆಗೆ ಸಿಕ್ಕ ಮೇಲೆಯೇ ಹುಸಿ ಯಂತ್ರಕ್ಕೆ ಹಣ ಸಿಕ್ಕಿದ್ದು. ಈ ಕ್ರಮ ನಮ್ಮಲ್ಲೂ ಮರುಕಳಿಸಿದೆ.

ನಮ್ಮ ವಾಯುಪಡೆಯ ಎಳೆಯ ಪೈಲಟ್‌ಗಳು ನಿಧಾನದ ತರಬೇತಿ ವಿಮಾನದಿಂದ ಇಳಿದು ನೇರ ಮಿಗ್-21 ಏರುತ್ತಿದ್ದ ದಶಕಗಳಿದ್ದವು. ನಡುವೆ ಒಂದು ಮೆಟ್ಟಿಲು ಬೇಕು ಎಂದು 1982ರಲ್ಲೇ ಸಮಿತಿಯೊಂದು ಹೇಳಿತ್ತು. ಆ ಮೆಟ್ಟಿಲು, ಹಾಕ್ ಎಂಬ ಜೆಟ್ ತರಬೇತಿ ವಿಮಾನ, ನಮ್ಮದೇ ಬೀದರಿನ ವಾಯುನೆಲೆಗೆ ಬಂದದ್ದು 2008ರಲ್ಲಿ. ವಿಮಾನದ ಜೊತೆ ಅದರ ಸಿಮ್ಯುಲೇಟರುಗಳೂ ಬಂದವು. ನಡುವಿನ ಇಪ್ಪತ್ತಾರು ವರ್ಷಗಳಲ್ಲಿ ಸತ್ತ ಹುಡುಗರ ತಾಯಂದಿರಿಗೆ ಯಾವ ನೀತಿಯ ಚೌಕಟ್ಟೂ ಉತ್ತರ ಕೊಡಲಾರದು.

ಕರ್ನಾಟಕಕ್ಕೆ ಈ ವಿದ್ಯೆಯಲ್ಲಿ ದೊಡ್ಡ ಪಾಲಿದೆ ಎಂಬುದು ಹಲವರಿಗೆ ತಿಳಿದಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಡಿಆರ್‌ಡಿಒದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಡಿಇ, ಪೈಲಟ್‌ರಹಿತ ವಿಮಾನಗಳ ಜೊತೆ ಹಾರಾಟದ ಸಿಮ್ಯುಲೇಟರುಗಳನ್ನೂ ಕಟ್ಟುತ್ತ ಬಂದಿದೆ. ತೇಜಸ್ ಯುದ್ಧವಿಮಾನ ಆಕಾಶ ಕಾಣುವ ಮೊದಲು ಅದನ್ನು ಹಾರಿಸಬೇಕಾದವರು ನೆಲದ ಮೇಲಿನ ಇಂಥ ಕೋಣೆಯಲ್ಲಿ ಎಷ್ಟೋ ಗಂಟೆ ಹಾರಿಸಿದ್ದರು. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ಕಟ್ಟಿದ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ತರಬೇತಿ ಸಂಸ್ಥೆ 2010ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿಳಿಯಿತು. ಅಲ್ಲಿನ ಯುಕ್ತಿ ಮೆಚ್ಚುವಂಥದು: ಓಲಾಡುವ ವೇದಿಕೆ, ಸುತ್ತಲಿನ ಪರದೆ ಒಂದೇ, ಕಾಕ್‌ಪಿಟ್ಟುಗಳು ಮಾತ್ರ ಬದಲಾಗುತ್ತವೆ. ಧ್ರುವ್ ತೆಗೆದು ಬೆಲ್ ಕೂರಿಸಬಹುದು. ಹೆಲಿಕಾಪ್ಟರಿನ ಬಾಲದ ಪಂಖ ಕೆಟ್ಟರೆ ಯಂತ್ರ ತಿರುಗಣಿಯಂತೆ ಸುತ್ತುತ್ತದೆ. ಅದನ್ನು ಆಕಾಶದಲ್ಲಿ ಬೇಕೆಂದೇ ಕೆಡಿಸಿ ಕಲಿಸಲು ಯಾವ ಗುರುವಿಗೂ ಸಾಧ್ಯವಿಲ್ಲ. ಕೋಣೆಯಲ್ಲಿ ಗುರು ಒಂದು ಗುಂಡಿ ಒತ್ತುತ್ತಾನೆ, ಶಿಷ್ಯ ಸಾಯುತ್ತಾನೆ, ಚಹಾ ಕುಡಿದು ಬಂದು ಮತ್ತೆ ಕೂರುತ್ತಾನೆ. ನಾಲ್ಕನೆಯ ಸಲ ಬದುಕುತ್ತಾನೆ.

ನಮ್ಮ ತಾಲ್ಲೂಕುಗಳ ಹುಡುಗರಲ್ಲಿ ಬಹಳ ಮಂದಿ ಹೋಗುವುದು ಕಾಲ್ದಳಕ್ಕೆ. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರ ನಮಗೆ ಹತ್ತಿರದ ಹೆಬ್ಬಾಗಿಲು. ಕಾಲ್ದಳದ ಸಿಮ್ಯುಲೇಟರು ನೋಡಲು ಸರಳ, ಕೆಲಸ ಸೂಕ್ಷ್ಮ. ಗುರಿ ತಪ್ಪಿದ ಗುಂಡು ಎಲ್ಲಿ ಬಿತ್ತು ಎಂದಷ್ಟೇ ಮೈದಾನದ ಹಲಗೆ ಹೇಳುತ್ತದೆ. ಪರದೆಯಾದರೋ ಕುದುರೆ ಒತ್ತುವ ಮೊದಲಿನ ಕ್ಷಣಗಳಲ್ಲಿ ನಳಿಗೆಯ ತುದಿ ಹೇಗೆ ಅಲೆದಾಡಿತು ಎಂದು ಗೆರೆ ಎಳೆದು ತೋರಿಸುತ್ತದೆ. ಉಸಿರು ಹಿಡಿದದ್ದು ತಡವಾಯಿತೇ, ಬೆರಳು ಜಗ್ಗಿತೇ ಎಂದು ಉಸ್ತಾದ್ ಬೆರಳಿಟ್ಟು ತಿದ್ದಬಹುದು. ಇನ್ನು ಟ್ಯಾಂಕ್ ಒಡೆಯುವ ಕ್ಷಿಪಣಿ: ಒಂದರ ಬೆಲೆಯೇ ಹಲವು ಲಕ್ಷ. ಕಲಿಯುವ ಪ್ರತಿಯೊಬ್ಬನಿಗೂ ಬೇಕಾದಷ್ಟು ಹಾರಿಸಲು ಕೊಡಲು ಯಾವ ಬೊಕ್ಕಸವೂ ಸಾಲದು. ಹೈದರಾಬಾದಿನಲ್ಲಿ 1993ರಲ್ಲಿ ಹುಟ್ಟಿದ ಜೆನ್ ಟೆಕ್ನಾಲಜೀಸ್‌ನಂಥ ಕಂಪನಿಗಳು ಬೆಳೆದದ್ದು ಈ ಲೆಕ್ಕದ ಮೇಲೆಯೇ. ಮೀಸಲು ಪೊಲೀಸರಿಗೂ ಇದು ಬೇಕು. ಶಿಗ್ಗಾವಿ ತಾಲ್ಲೂಕಿನಲ್ಲೇ ಕೆಎಸ್‌ಆರ್‌ಪಿಯ 10ನೇ ಪಡೆ ಇದೆ. ಗಲಭೆಯ ಬೀದಿಯಲ್ಲಿ ಗುಂಡು ಹಾರಿಸಬೇಕೋ ಬೇಡವೋ ಎಂದು ಎರಡು ಸೆಕೆಂಡಿನಲ್ಲಿ ನಿರ್ಧರಿಸಬೇಕಾದ ಪೊಲೀಸನಿಗೆ ‘ಬೇಡ’ ಎಂಬ ಉತ್ತರವನ್ನು ಅಭ್ಯಾಸ ಮಾಡಿಸಲು ಪರದೆಗಿಂತ ಒಳ್ಳೆಯ ಜಾಗ ನನಗೆ ಕಾಣದು.

ಒಬ್ಬೊಬ್ಬನ ಯಂತ್ರವನ್ನು ಒಂದೇ ಲೋಕವಾಗಿ ಹೆಣೆದದ್ದು ಅಮೆರಿಕದ ಸಿಮ್‌ನೆಟ್. 1980ರ ದಶಕದಲ್ಲಿ ಅವರ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ನೂರಾರು ಟ್ಯಾಂಕ್ ಸಿಮ್ಯುಲೇಟರುಗಳನ್ನು ತಂತಿಯಿಂದ ಜೋಡಿಸಿತು. ಬೇರೆ ಬೇರೆ ಊರಿನಲ್ಲಿ ಕೂತವರು ಒಂದೇ ಕಾಲ್ಪನಿಕ ಬಯಲಿನಲ್ಲಿ ಭೇಟಿಯಾಗಿ ಹೊಡೆದಾಡಿದರು. ಚಿತ್ರಗಳು ಇವತ್ತಿನ ಮೊಬೈಲ್ ಗೇಮಿಗಿಂತ ಕಡೆ. ಅಷ್ಟು ಸಾಕಾಗಿತ್ತು, ಏಕೆಂದರೆ ಅಲ್ಲಿ ಕಲಿಯಬೇಕಿದ್ದದ್ದು ಒಬ್ಬರಿಗೊಬ್ಬರು ಮಾತಾಡುವುದನ್ನು. 1991ರ ಫೆಬ್ರುವರಿ 26ರಂದು ಇರಾಕಿನ ಮರುಭೂಮಿಯ ಧೂಳಿನಲ್ಲಿ ‘73 ಈಸ್ಟಿಂಗ್’ ಎಂಬ ಟ್ಯಾಂಕ್ ಕಾಳಗ ನಡೆಯಿತು. ಅದು ಮುಗಿದ ಮೇಲೆ ಒಂದು ತಂಡ ಅಲ್ಲಿಗೆ ಹೋಗಿ, ಸುಟ್ಟ ಟ್ಯಾಂಕುಗಳ ಜಾಗ ಗುರುತಿಸಿ, ಕಾದಾಡಿದವರನ್ನು ವಿಚಾರಿಸಿ, ಇಡೀ ಕಾಳಗವನ್ನು ಇಂಥದೇ ಲೋಕವಾಗಿ ಕಂಪ್ಯೂಟರಿನೊಳಗೆ ಮತ್ತೆ ಕಟ್ಟಿತು. ಬೇಕಾದ ಕ್ಷಣಕ್ಕೆ ನಿಲ್ಲಿಸಿ, ಯಾರ ಕಣ್ಣಿನಿಂದ ಬೇಕಾದರೂ ನೋಡಬಹುದಾದ ವೀರಗಲ್ಲು ಅದು. ಹಾನಗಲ್ಲಿನ ಶಿಲ್ಪಿಗೆ ಇಂಥದ್ದೊಂದು ಸಿಕ್ಕಿದ್ದರೆ ಸೋಹಣಿ ಯಾಕೆ ಸತ್ತ ಎಂದು ನಮಗೂ ತಿಳಿಯುತ್ತಿತ್ತು.

ಇಷ್ಟೆಲ್ಲ ಒಪ್ಪಿದ ಮೇಲೂ ನನ್ನನ್ನು ಕಾಡುವ ಸಂಗತಿಗಳಿವೆ. ಮೊದಲನೆಯದು ಪಂಚನದೇ. 2002ರಲ್ಲಿ ಅಮೆರಿಕ ‘ಮಿಲೆನಿಯಂ ಚಾಲೆಂಜ್’ ಎಂಬ ಭಾರಿ ಯುದ್ಧದಾಟ ಆಡಿತು. ಶತ್ರುವಿನ ಪಾತ್ರ ವಹಿಸಿದ್ದು ನಿವೃತ್ತ ಜನರಲ್ ಪಾಲ್ ವ್ಯಾನ್ ರೈಪರ್. ಅವರು ರೇಡಿಯೊ ಬಿಟ್ಟು ಮೋಟಾರ್‌ಸೈಕಲ್ ಮೇಲೆ ಆಜ್ಞೆ ಕಳಿಸಿದರು, ಸಣ್ಣ ದೋಣಿಗಳನ್ನೂ ಕ್ಷಿಪಣಿಗಳನ್ನೂ ಒಟ್ಟಿಗೆ ಬಿಟ್ಟು ಎದುರಾಳಿಯ ಹದಿನಾರು ಹಡಗು ಮುಳುಗಿಸಿದರು. ಆಟ ನಡೆಸುವವರು ಮುಳುಗಿದ ಹಡಗುಗಳನ್ನು ಮೇಲೆತ್ತಿ ಆಟ ಮುಂದುವರಿಸಿದರು, ಶತ್ರುವಿನ ಕೈ ಕಟ್ಟಿದರು. ವ್ಯಾನ್ ರೈಪರ್ ಆ ಪಾತ್ರದಿಂದ ಹಿಂದೆ ಸರಿದರು. ಯಂತ್ರ ಸುಳ್ಳು ಹೇಳಿರಲಿಲ್ಲ. ಸೋಲನ್ನು ಒಪ್ಪದ ಮೇಲಧಿಕಾರಿಗಳು ಹೇಳಿಸಿದರು. ಗೆಲ್ಲುವುದು ಮೊದಲೇ ಗೊತ್ತಾದ ಸಿಮ್ಯುಲೇಷನ್ ಅಂದರೆ ಉತ್ತರ ಒಲೆಯ ಮುಂದೆ ಗೆದ್ದ ಕೌರವರೇ ಸರಿ. ದೆಹಲಿಯಲ್ಲಿ ನಮ್ಮ ಸೇನೆಯ ಯುದ್ಧಕ್ರೀಡಾ ಸಂಶೋಧನಾ ಕೇಂದ್ರ ವಾರ್ಡೆಕ್ ಇದೆ. ಅದಕ್ಕಾಗಿ ಸೇನೆ 2022ರಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ತಂತ್ರಾಂಶ ಎಷ್ಟು ಚುರುಕು ಎಂಬುದಕ್ಕಿಂತ, ಅಲ್ಲಿ ಒಬ್ಬ ಮೇಜರ್ ಒಬ್ಬ ಜನರಲ್ಲನ್ನು ಸೋಲಿಸಿ ಮರುದಿನ ನೆಮ್ಮದಿಯಿಂದ ಕೆಲಸಕ್ಕೆ ಬರಬಹುದೇ ಎಂಬುದು ದೊಡ್ಡ ಪ್ರಶ್ನೆ.

ಎರಡನೆಯದು ಮೈಯದು. ಶಿಗ್ಗಾವಿ ತಾಲ್ಲೂಕಿನ ಗೋಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋದವರು ಸಿಮೆಂಟಿನಲ್ಲಿ ಮೈತಳೆದ ಹಳ್ಳಿಯನ್ನು ನೋಡಿರುತ್ತಾರೆ. ಎತ್ತು, ಚಕ್ಕಡಿ, ಅಜ್ಜಿ ಎಲ್ಲ ಆಳೆತ್ತರ, ಥೇಟು ನಿಜ. ಸಗಣಿಯ ವಾಸನೆ, ನೊಣ, ಧೂಳು ಮಾತ್ರ ಇಲ್ಲ. ಅದು ಕಲಾಕೃತಿಯ ಕೊರತೆಯಲ್ಲ. ಯುದ್ಧದ ನಕಲಿನಲ್ಲಾದರೆ ಅದೇ ಪ್ರಾಣಕ್ಕೆ ಎರವು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾವು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಒಂಬತ್ತು ಸಂಗಾತಿಗಳು ಅಲ್ಲೇ ಉಳಿದರು. ಆರು ದಿನದ ಮೇಲೆ ಇವರು ಉಸಿರಿನೊಂದಿಗೆ ಸಿಕ್ಕರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಯಾವ ಪರದೆಯೂ ಆ ಚಳಿಯನ್ನು, ತೆಳುವಾದ ಗಾಳಿಯಲ್ಲಿ ಮಂದವಾಗುವ ಬುದ್ಧಿಯನ್ನು ತೋರಿಸಲಾರದು. ಸಿಯಾಚಿನ್‌ಗೆ ಏರುವವರನ್ನು ಇಂದಿಗೂ ಅಲ್ಲಿನ ಬ್ಯಾಟಲ್ ಸ್ಕೂಲಿನಲ್ಲಿ ನಿಜವಾದ ಮಂಜುಗಡ್ಡೆಯ ಮೇಲೆ ಹಗ್ಗ ಹಿಡಿಸಿ ಹತ್ತಿಸುವುದು ಅದಕ್ಕೇ. ಕನ್ನಡಕದೊಳಗಿನ ಲೋಕ ಇನ್ನೊಂದು ತೊಡಕನ್ನೂ ತರುತ್ತದೆ: ಕಣ್ಣು ಓಡುತ್ತಿದೆ ಅನ್ನುತ್ತದೆ, ಕಿವಿಯೊಳಗಿನ ತೋಲ ನಿಂತಿದೆ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಅಮೆರಿಕ 2021ರಲ್ಲಿ ಸೈನಿಕರ ಕನ್ನಡಕಕ್ಕಾಗಿ ಮೈಕ್ರೋಸಾಫ್ಟ್ ಜೊತೆ 2,188 ಕೋಟಿ ಡಾಲರ್ ವರೆಗಿನ ಒಪ್ಪಂದ ಮಾಡಿಕೊಂಡಿತು; ಪರೀಕ್ಷೆಯಲ್ಲಿ ಸೈನಿಕರಿಗೆ ತಲೆನೋವು, ವಾಕರಿಕೆ ಬಂದವು. 2025ರಲ್ಲಿ ಆ ಕೆಲಸ ಬೇರೆ ಕಂಪನಿಯ ಕೈಗೆ ಹೋಯಿತು.

ಮೂರನೆಯದು ಮನಸ್ಸಿನದು. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಹುಡುಗರಿಗೆ ಪರದೆಯ ಯುದ್ಧ ಹೊಸದಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಹಳ್ಳಿಕಟ್ಟೆಗಳ ಮೇಲೆ ಸೂತಕದ ಕಳೆ ಇತ್ತು. ಮರುವರ್ಷ ಅದು ಬಿಜಿಎಂಐ ಆಗಿ ಮರಳಿತು. ಅಮೆರಿಕದ ಸೇನೆಯೇ 2002ರಲ್ಲಿ ‘ಅಮೆರಿಕಾಸ್ ಆರ್ಮಿ’ ಎಂಬ ಗೇಮ್ ಮಾಡಿ ಪುಕ್ಕಟೆ ಹಂಚಿ, ಇಪ್ಪತ್ತು ವರ್ಷ ನಡೆಸಿತು. ಡ್ರೋನ್ ನಡೆಸುವುದರಲ್ಲಿ ಈ ಬೆರಳುಗಳ ಚುರುಕು ನಿಜವಾಗಿ ಕೆಲಸಕ್ಕೆ ಬರುತ್ತದೆ. ಉಕ್ರೇನಿನಲ್ಲಿ ಡ್ರೋನ್ ಹಾರಿಸುವವರು ಮೊದಲು ಕಂಪ್ಯೂಟರ್ ಮುಂದೆಯೇ ಕೈ ಪಳಗಿಸಿಕೊಳ್ಳುತ್ತಾರೆ. ಆದರೆ ಗೇಮಿನ ಊರುಗಳಲ್ಲಿ ಜನರಿರುವುದಿಲ್ಲ. ಅಲ್ಲಿ ಇರುವವರೆಲ್ಲ ಬಂದೂಕು ಹಿಡಿದವರು. 2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಅದೇ ಉಕ್ರೇನಿನ ಖಾರ್ಕಿವ್ ನಗರದಲ್ಲಿ ತಿನ್ನಲು ಏನಾದರೂ ತರೋಣವೆಂದು ಹೊರಗೆ ಬಂದವನು ದಾಳಿಗೆ ಸಿಕ್ಕು ಸತ್ತ. ಆ ಊರಿನ ಯಾವ ಡಿಜಿಟಲ್ ನಕಲಿನಲ್ಲಿ ಅಂಗಡಿಯ ಮುಂದೆ ಸಾಲು ನಿಂತವರನ್ನು ಬಿಡಿಸಿದ್ದಾರೆ? ಸೇನೆಗೆ ಕಾಲ್ಪನಿಕ ನಗರ ಕಟ್ಟುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ಆ ಸಾಲನ್ನು ಬಿಡಿಸಿ. ಅದರಲ್ಲಿ ಒಬ್ಬನಿಗೆ ಪೆಟ್ಟಾದರೆ ಅಂಕ ಕಳೆಯಿರಿ, ಆಟ ನಿಲ್ಲಿಸಿ, ಕಾರಣ ಕೇಳಿ. ಕೊಲ್ಲುವುದನ್ನು ಸಲೀಸು ಮಾಡುವ ಯಂತ್ರವೇ ಕೈ ತಡೆಯುವುದನ್ನೂ ಕಲಿಸಬಲ್ಲದು. ಯಾವುದನ್ನು ಕಲಿಸಬೇಕೆಂದು ತೀರ್ಮಾನಿಸುವವರು ಮನುಷ್ಯರು.

ಅದೇ ಯಂತ್ರ ಗಾಯ ಮಾಯಿಸಿದ್ದೂ ಉಂಟು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಕಿಪ್ ರಿಝೋ ಮತ್ತು ಸಂಗಡಿಗರು ‘ವರ್ಚುವಲ್ ಇರಾಕ್’ ಎಂಬ ಲೋಕ ಕಟ್ಟಿ, ಯುದ್ಧದಿಂದ ಮರಳಿ ನಿದ್ದೆ ಕಳೆದುಕೊಂಡ ಸೈನಿಕರನ್ನು ಚಿಕಿತ್ಸಕರ ಜೊತೆ ಸ್ವಲ್ಪ ಸ್ವಲ್ಪವಾಗಿ ಆ ಬೀದಿಗೆ ಮತ್ತೆ ಕರೆದೊಯ್ದರು. ನಮ್ಮ ಹಳ್ಳಿಗಳಿಗೆ ಪಿಂಚಣಿ ಹಿಡಿದು ಮರಳಿದ ಮಾಜಿ ಸೈನಿಕರು ಎಷ್ಟೋ ಜನ ಮಾತು ಕಡಿಮೆ ಮಾಡಿ ಕೂತಿರುತ್ತಾರೆ. ಅವರಿಗೂ ಇಂಥದ್ದು ಸಿಗಬೇಕು ಎಂದು ಕೇಳುವವರು ಕಡಿಮೆ.

ಈಗ ಅಗ್ನಿಪಥದ ಲೆಕ್ಕ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಹುಡುಗ ನಾಲ್ಕು ವರ್ಷದ ಸೈನಿಕ. ಅದರಲ್ಲೇ ಸುಮಾರು ಆರು ತಿಂಗಳು ತರಬೇತಿ. ಹಳೆಯ ಪದ್ಧತಿಗಿಂತ ಅವಧಿ ಕಿರಿದು. ಹಾಗಾಗಿ ಸಿಮ್ಯುಲೇಟರಿನ ಆಕರ್ಷಣೆ ಹಿರಿದು. ಕಡಿಮೆ ದಿನದಲ್ಲಿ ಹೆಚ್ಚು ಸಲ ಗುರಿ ಹಿಡಿಸಬಹುದು ನಿಜ. ಆದರೆ ಉಳಿತಾಯವಾದ ಗುಂಡು, ಉಳಿತಾಯವಾದ ಪೆಟ್ರೋಲು, ಉಳಿತಾಯವಾದ ದಿನ ಒಂದೊಂದನ್ನೂ ಲೆಕ್ಕಪತ್ರದಲ್ಲಿ ಲಾಭ ಎಂದು ಬರೆದುಕೊಂಡರೆ ಯಂತ್ರ ಮೈದಾನದ ಜಾಗ ನುಂಗುತ್ತದೆ. ಪರದೆಯಲ್ಲಿ ಉಳಿಸಿದ್ದನ್ನು ಮೈದಾನಕ್ಕೇ ತಿರುಗಿ ಹಾಕಬೇಕು ಎಂಬುದು ನನ್ನ ಪಕ್ಷ: ನೂರು ಸಲ ಬೆಳಕಿನ ಗುಂಡು ಹಾರಿಸಿ ತಪ್ಪು ತಿದ್ದಿಕೊಂಡವನಿಗೆ ಮೊದಲಿಗಿಂತ ಹೆಚ್ಚು ನಿಜದ ಗುಂಡು, ಮೊದಲಿಗಿಂತ ಹೆಚ್ಚು ಕೆಸರು, ಮೊದಲಿಗಿಂತ ಹೆಚ್ಚು ಕತ್ತಲು ಸಿಗಬೇಕು. ಪ್ರತಿ ಆಟದ ನಂತರ ಎಲ್ಲರೂ ಕೂತು, ಹುದ್ದೆ ಬದಿಗಿಟ್ಟು, ಎಲ್ಲಿ ಎಡವಿದೆವು ಎಂದು ಮಾತಾಡುವ ಅರ್ಧ ಗಂಟೆ ಇರಬೇಕು. ಕಲಿಕೆ ಆಗುವುದು ಆ ಅರ್ಧ ಗಂಟೆಯಲ್ಲಿ. ಅದು ಆ ಹುಡುಗನ ನುಡಿಯಲ್ಲೂ ಆಗಬೇಕು. ಹಿಂದಿ ಈಗಷ್ಟೇ ಕಲಿಯುತ್ತಿರುವ ಹಿರೇಕೆರೂರಿನ ಹುಡುಗನಿಗೆ ತನ್ನ ತಪ್ಪನ್ನು ವಿವರಿಸಲು ಮಾತೇ ಸಿಗದಿದ್ದರೆ ಯಂತ್ರ ಬರೆದಿಟ್ಟ ಗೆರೆಗಳೆಲ್ಲ ವ್ಯರ್ಥ.

ಉತ್ತರನ ಗಾದೆ ಆಡುವವರು ಅವನ ಉಳಿದ ಬಾಳನ್ನು ನೆನೆಯುವುದು ಕಡಿಮೆ. ಹೆದರಿ ಓಡಿದವನೇ ಅಂದು ಅರ್ಜುನನ ರಥ ನಡೆಸಿದ. ಬಾಣಗಳ ನಡುವೆ ಕುದುರೆಗಳನ್ನು ತಿರುಗಿಸುವುದನ್ನು, ಎದುರಿನ ಬಾವುಟ ನೋಡಿ ಇವನು ದ್ರೋಣ, ಇವನು ಕರ್ಣ ಎಂದು ಗುರುತಿಸುವುದನ್ನು ಒಂದೇ ಹಗಲಿನಲ್ಲಿ ಕಲಿತ. ಮುಂದೆ ಕುರುಕ್ಷೇತ್ರದಲ್ಲಿ ಅವನು ಓಡಲಿಲ್ಲ. ಆನೆಯ ಮೇಲೆ ಕೂತು ಶಲ್ಯನ ರಥಕ್ಕೆ ನುಗ್ಗಿ, ಅದರ ನಾಲ್ಕೂ ಕುದುರೆಗಳನ್ನು ಕೆಡವಿದ. ಶಲ್ಯ ಎಸೆದ ಶಕ್ತ್ಯಾಯುಧ ಅವನ ಕವಚ ಸೀಳಿತು. ಅದು ಯುದ್ಧದ ಮೊದಲನೆಯ ದಿನ.